ಹಾಡಿಯಿಂದ ಲೈನ್ ಮನೆಗೆ: ಜನಗಣತಿಗೆ ಮುಂಚಿನ ಆರು ದಿನ

ಜನವರಿ ಕೊನೆಯ ವಾರ. ಕಬಿನಿ ಹಿನ್ನೀರು ಇಳಿಯತೊಡಗಿದೆ, ರಾಗಿ ಒಕ್ಕಣೆ ಮುಗಿದಿದೆ. ಕೊಡಗಿನ ತೋಟಗಳಲ್ಲಿ ರೊಬಸ್ಟಾ ಕೊಯ್ಲು ಕೊನೆಗೆ ಬಂದಿದ್ದು, ಕರಿಮೆಣಸಿನ ಬಳ್ಳಿಗೆ ಏಣಿ ಚಾಚುವ ಹೊತ್ತು. ಜನ ಆ ತೋಟಗಳ ಕೂಲಿಗೆ ಹೋಗಿ, ಹೆಗ್ಗಡದೇವನ ಕೋಟೆಯ ಹಾಡಿಗಳು, ಅಂದರೆ ಆದಿವಾಸಿ ಕೇರಿಗಳು, ಅರ್ಧಕ್ಕರ್ಧ ಖಾಲಿ. 2027ರ ಜನಗಣತಿಯಲ್ಲಿ ಜನರ ಎಣಿಕೆ ನಡೆಯುವುದು ಇದರ ಬೆನ್ನಿಗೇ, ಫೆಬ್ರವರಿಯಲ್ಲಿ. ಲೆಕ್ಕ ನಿಲ್ಲುವ ಗಳಿಗೆ ಮಾರ್ಚ್ 1ರ 00:00, ಅಂದರೆ ಫೆಬ್ರವರಿ 28ರ ರಾತ್ರಿ ಕಳೆಯುವ ಹೊತ್ತು. ಹಾಡಿಯ ಜನ ಹಾಡಿಯಲ್ಲಿ ಕಡಿಮೆ ಇರುವ ಕಾಲದಲ್ಲೇ ಹಾಡಿಯ ಎಣಿಕೆ. ಯಾರೂ ಬಿಟ್ಟುಹೋಗದಂತೆ ಜನರನ್ನು ಮೊದಲೇ ಸಿದ್ಧಮಾಡಲು ಹೊರಡುವ ಈ ಆರು ದಿನದ ಸುತ್ತಿಗೆ ಕಾರಣ ಇದೇ.

ದಾರಿ ಹೀಗಿದೆ: ಎಚ್.ಡಿ. ಕೋಟೆ, ಅಂತರಸಂತೆ, ಉದ್ಬೂರು ಗೇಟ್, ಬಳ್ಳೆ, ಮಚ್ಚೂರು, ಡಿ.ಬಿ. ಕುಪ್ಪೆ, ಬಾವಲಿ, ಅಲ್ಲಿಂದ ಕೇರಳದ ತೋಲ್ಪೆಟ್ಟಿ ಹಾದು ಕುಟ್ಟ, ಪೊನ್ನಂಪೇಟೆ, ತಿತಿಮತಿ, ಆನೆಚೌಕೂರು ಗೇಟ್ ದಾಟಿ ಹುಣಸೂರಿಗೆ ವಾಪಸ್ಸು. ಕೆಲಸಕ್ಕೆ ಹೋದವರ ಜಾಡೂ ಹೆಚ್ಚುಕಮ್ಮಿ ಇದೇ.

ಮೊದಲ ದಿನ: ಎಚ್.ಡಿ. ಕೋಟೆ

ಕಾಡಿಗೆ ಹೋಗುವ ಮೊದಲು ಒಂದು ದಿನ ಕಾಗದಕ್ಕೆ ಕೊಡಬೇಕು. ಗ್ರಾಮಾಂತರ ಪ್ರದೇಶದಲ್ಲಿ ಗಣತಿಯ ಚಾರ್ಜ್ ಅಧಿಕಾರಿ ತಹಶೀಲ್ದಾರರು. ಅವರ ಕೈಕೆಳಗೆ ಮೇಲ್ವಿಚಾರಕರು, ಒಬ್ಬೊಬ್ಬ ಮೇಲ್ವಿಚಾರಕರಿಗೆ ಆರರಷ್ಟು ಗಣತಿದಾರರು, ಒಬ್ಬ ಗಣತಿದಾರರಿಗೆ ಸುಮಾರು 700–800 ಜನರ ಒಂದು ಗಣತಿ ಬ್ಲಾಕ್. ಗಣತಿದಾರರು ಹೆಚ್ಚಾಗಿ ಶಾಲಾ ಮೇಷ್ಟ್ರುಗಳೇ. ಇಲ್ಲಿ ಕೇಳಿ ತಿಳಿಯಬೇಕಾದ್ದು ಒಂದೇ: ಯಾವ ಹಾಡಿ ಯಾವ ಬ್ಲಾಕಿನಲ್ಲಿದೆ?

ಸುಲಭದ ಪ್ರಶ್ನೆಯಂತೆ ಕಾಣುತ್ತದೆ, ಆದರೆ ಅಲ್ಲ. ಬಹುತೇಕ ಹಾಡಿಗಳು ಸ್ವಂತ ಕಂದಾಯ ಗ್ರಾಮಗಳಲ್ಲ, ಪಕ್ಕದ ಊರಿನ ಬಾಲಂಗೋಚಿಗಳು. ಬ್ಲಾಕಿನ ನಕ್ಷೆ ಊರಿನ ನಡುವಿನಿಂದ ಶುರುವಾಗುತ್ತದೆ, ಎಣಿಕೆಯೂ ಅಲ್ಲಿಂದಲೇ. ಕೊನೆಯ ಎರಡು ದಿನಕ್ಕೆ ಉಳಿಯುವುದು ಹೊಳೆಯಾಚೆಯ ಮೂವತ್ತು ಗುಡಿಸಲು. ಅವಸರದಲ್ಲಿ ತಪ್ಪುವುದೂ ಅವೇ. ಇನ್ನೊಂದು ತೊಡಕು ಸರಗೂರಿನದು. 2011ರ ಗಣತಿಯಲ್ಲಿ ಅದು ಕೋಟೆ ತಾಲ್ಲೂಕಿನೊಳಗೇ ಇತ್ತು, ಈಗ ಬೇರೆ ತಾಲ್ಲೂಕು. ಕೊಡಗಿನ ಪೊನ್ನಂಪೇಟೆಯೂ ಹಾಗೆಯೇ, ಆಗ ವಿರಾಜಪೇಟೆ ತಾಲ್ಲೂಕಿನ ಭಾಗ. ಹಳೆಯ ಪಟ್ಟಿ ಹಿಡಿದು ಹುಡುಕಿದರೆ ಹಾಡಿ ತಪ್ಪು ತಾಲ್ಲೂಕಿನಲ್ಲಿ ಕಾಣುತ್ತದೆ. ಈ ಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಿರಗೊಳಿಸಲಾಗಿದೆ. ಆ ದಿನ ಇದ್ದ ಗಡಿಯೇ ಲೆಕ್ಕ.

ಮೂರು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು: ಗ್ರಾಮ ಪಂಚಾಯಿತಿಯದು, ಗಿರಿಜನ ಕಲ್ಯಾಣದವರದು, ಅಂಗನವಾಡಿಯ ದಾಖಲೆ ಪುಸ್ತಕ. ಒಂದೇ ಹಾಡಿಗೆ ಎರಡು ಹೆಸರಿರುವುದು ಆಗಲೇ ಬಯಲಾಗುತ್ತದೆ, ಕಾಗದದಲ್ಲೊಂದು, ಜನರ ಬಾಯಲ್ಲೊಂದು. ಮೂರರಲ್ಲಿ ಹೆಚ್ಚು ನಂಬಬಹುದಾದ್ದು ಅಂಗನವಾಡಿಯದು. ಬಸುರಿ, ಬಾಣಂತಿ, ಕೂಸುಗಳ ಹೆಸರು ಅಲ್ಲಿ ಮಾತ್ರ ಹೊಸದಾಗಿರುತ್ತದೆ. ಗಣತಿಯಲ್ಲಿ ಬಿಟ್ಟುಹೋಗುವುದೂ ಕೂಸುಗಳೇ ಹೆಚ್ಚು. 2011ರ ಗಣತಿಯ ನಂತರದ ಮರುಪರಿಶೀಲನಾ ಸಮೀಕ್ಷೆ ಕಂಡುಕೊಂಡ ಪ್ರಕಾರ ದೇಶದಲ್ಲಿ ಸಾವಿರಕ್ಕೆ 23 ಜನ ಎಣಿಕೆಯಿಂದ ತಪ್ಪಿದ್ದರು. 300 ಜನರ ಹಾಡಿಗೆ ಹಾಕಿದರೆ ಏಳು ಜನ. ಆದರೆ ತಪ್ಪು ಎಲ್ಲ ಕಡೆ ಸಮನಾಗಿ ಹಂಚಿಹೋಗುವುದಿಲ್ಲ.

ಆಟೋಗೆ ಮೈಕು ಕಟ್ಟಿ ಸಾರುವುದಕ್ಕೆ ಹಣ ಎತ್ತಿಡುವ ಸಂಘಗಳಿವೆ. ಪೇಟೆಯಲ್ಲಿ ಅದು ಸರಿ. ಕಾಡಿನ ಹಾಡಿಗೆ ಮೈಕು ಬಂದರೆ, ಅರಣ್ಯ ಇಲಾಖೆಯವರು ಏನೋ ಸಾರುತ್ತಿದ್ದಾರೆ ಅಂದುಕೊಂಡು ಜನ ಒಳಕ್ಕೆ ಹೋಗುತ್ತಾರೆ.

ಎರಡನೆಯ ದಿನ: ಬಳ್ಳೆ, ಮಚ್ಚೂರು

ಉದ್ಬೂರು ಗೇಟ್‌ನಿಂದ ಮುಂದೆ ನಾಗರಹೊಳೆಯ ಕಾಡು. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಬಂದ್. ಇಡೀ ಓಡಾಟದ ಯೋಜನೆಯನ್ನು ಈ ಗೇಟು ತೀರ್ಮಾನಿಸುತ್ತದೆ. ಹಾಡಿಯವರು ಮನೆಯಲ್ಲಿ ಸಿಗುವುದು ಕತ್ತಲಾದ ಮೇಲೆ, ಇಲ್ಲವೇ ಕೂಲಿಗೆ ಕರೆದೊಯ್ಯುವ ಬೆಳಗಿನ ಜೀಪು ಬರುವ ಮೊದಲು. ಹಗಲು ಹೋಗಿ ಐದಕ್ಕೆ ಹೊರಟರೆ ಸಿಗುವವರು ಮುದುಕರು, ಮಕ್ಕಳು, ನಾಯಿಗಳು. ಹಾಗಾಗಿ ಮೊದಲೇ ಹೇಳಿ ಅನುಮತಿ ಪಡೆದು, ಶಾಲೆಯಲ್ಲೋ ಅಂಗನವಾಡಿಯಲ್ಲೋ ರಾತ್ರಿ ಉಳಿಯದೆ ಕೆಲಸ ಆಗದು. ಗಣತಿದಾರರಿಗೂ ಈ ಏರ್ಪಾಡು ಬೇಕು. ಅವರಿಗೆ ಯಾರ ಮನೆಯಲ್ಲಿ ತಂಗಲು ಜಾಗ ಎಂಬುದನ್ನು ಈಗಲೇ ಗೊತ್ತುಮಾಡಿದರೆ, ‘ಬೀಗ ಹಾಕಿತ್ತು’ ಎಂದು ಬರೆದ ಮನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.

ಮೊದಲ ಮಾತು ಹಾಡಿಯ ಯಜಮಾನರ ಜೊತೆ. ಆಮೇಲೆ ಹೆಂಗಸರ ಗುಂಪು. ರಾತ್ರಿ ಊಟ ಮುಗಿದ ಮೇಲೆ ಕೂತರೆ ಮೊದಲು ಬರುವ ಪ್ರಶ್ನೆ ಇದು: “ಮೊನ್ನೆ ತಾನೆ ಬರ್ಕಂಡೋದ್ರಲ್ಲ, ಮತ್ಯಾಕೆ?” ಸಹಜವಾದ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೆದಿತ್ತು, ಬಾಗಿಲಿಗೆ ಚೀಟಿ ಅಂಟಿಸಿ ಅರವತ್ತು ಪ್ರಶ್ನೆ ಕೇಳಿದ್ದರು. ಆಮೇಲೆ ಗಣತಿಯದೇ ಮೊದಲ ಹಂತವಾದ ಮನೆಪಟ್ಟಿ: ಗೋಡೆ, ಮಾಡು, ನೀರು, ಶೌಚಾಲಯ, ದೀಪ, ಉಣ್ಣುವ ಮುಖ್ಯ ಧಾನ್ಯ ಹೀಗೆ 33 ಪ್ರಶ್ನೆ. ಈಗ ಮೂರನೆಯ ಸಲ ಬಾಗಿಲು ತಟ್ಟುವವರಿಗೆ ಸಿಡುಕು ಕಾದಿರುತ್ತದೆ. “ಮೊದಲು ಬಂದದ್ದು ರಾಜ್ಯದ್ದು, ಜಾತಿ ಮತ್ತು ಬದುಕಿನ ಸ್ಥಿತಿ ನೋಡಲು. ಎರಡನೆಯದು ಮನೆಯನ್ನು ಎಣಿಸಲು. ಈಗ ಬರುವುದು ಮನುಷ್ಯರನ್ನು ಎಣಿಸಲು.” ಇಷ್ಟು ಸಾಕು. ಇದಕ್ಕಿಂತ ಉದ್ದದ ವಿವರಣೆ ಕೊಟ್ಟಷ್ಟೂ ಅನುಮಾನ ಬೆಳೆಯುತ್ತದೆ.

ಎರಡನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಹೆಸರು ಬರೆಸಿದರೆ ಎಬ್ಬಿಸಿ ಪುನರ್ವಸತಿ ಕೇಂದ್ರಕ್ಕೆ ಕಳಿಸುತ್ತಾರಾ? ರೇಷನ್ ಕಾರ್ಡಿನಿಂದ ಕಿತ್ತುಹಾಕುತ್ತಾರಾ? 1948ರ ಜನಗಣತಿ ಕಾಯ್ದೆಯ 15ನೆಯ ಸೆಕ್ಷನ್ ಇಲ್ಲಿ ಬೇಕಾಗುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ಬರೆದ ವಿವರವನ್ನು ಬೇರೆ ಯಾರೂ ಪರಿಶೀಲಿಸುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ತರುವಂತಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ನಿಮ್ಮನ್ನು ಎಬ್ಬಿಸಲು ಅದನ್ನು ಬಳಸುವಂತಿಲ್ಲ ಎಂದಾದರೆ, ಅರಣ್ಯ ಹಕ್ಕಿನ ಅರ್ಜಿಗೆ ‘ನಾನು ಇಲ್ಲೇ ಇದ್ದೆ’ ಎಂಬುದಕ್ಕೆ ಆಧಾರವಾಗಿ ನೀವೂ ಅದನ್ನು ತೋರಿಸಲಾಗದು. ಈ ಮಾತು ನುಂಗಿಕೊಂಡು ‘ಬರೆಸಿದರೆ ಮನೆ ಬರುತ್ತದೆ, ಭೂಮಿ ಬರುತ್ತದೆ’ ಎಂದು ಆಸೆ ಹುಟ್ಟಿಸುವ ಕಾರ್ಯಕರ್ತರು ಗಣತಿಯನ್ನು ಹಾಳುಮಾಡುತ್ತಾರೆ. ಮನೆಯ ಆಸೆ ಹುಟ್ಟಿದ ಕೂಡಲೇ, ಕೊಡಗಿನಲ್ಲಿರುವ ಮಗನನ್ನೂ ‘ಇಲ್ಲೇ ಇದ್ದಾನೆ’ ಎಂದು ಬರೆಸುತ್ತಾರೆ, ಇರುವ ಸೈಕಲ್ಲನ್ನು ಇಲ್ಲ ಅನ್ನುತ್ತಾರೆ.

ಆಧಾರ್, ರೇಷನ್ ಕಾರ್ಡು, ಯಾವ ಕಾಗದವನ್ನೂ ತೋರಿಸಬೇಕಿಲ್ಲ. ಬಾಯಿಮಾತೇ ಸಾಕು. ಮೊಬೈಲಿನಲ್ಲಿ ತಾವೇ ತುಂಬುವ ಸ್ವಯಂ ಗಣತಿಯ ಸೌಲಭ್ಯ ಈ ಸಲ ಇದೆ. ಸಿಗ್ನಲ್ಲು ಬಂದುಹೋಗುವ ಕಾಡಿನೊಳಗೆ ಅದರ ಬೆನ್ನು ಹತ್ತುವುದು ಹೊತ್ತುಗಳೆಯುವ ಕೆಲಸ. ಪಿಯುಸಿ ಓದುವ ಹುಡುಗರು ಹಟ ಮಾಡಿ ತುಂಬಿದರೆ, ಕೊನೆಯಲ್ಲಿ ಬರುವ ಗುರುತಿನ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟು ಗಣತಿದಾರರಿಗೆ ತೋರಿಸಲೇಬೇಕು.

ಮೂರನೆಯ ದಿನ: ಡಿ.ಬಿ. ಕುಪ್ಪೆ

ಇಡೀ ಸುತ್ತಿನಲ್ಲಿ ಹೆಚ್ಚು ಹೊತ್ತು ಬೇಡುವ ದಿನ. ಎಷ್ಟು ಮಂದಿ ಎಂಬ ಲೆಕ್ಕ ಸರಿಹೋದರೂ ಯಾರು ಎಂಬ ಲೆಕ್ಕ ಕೆಡುವುದು ಇಲ್ಲಿ.

ಮೊದಲು ಮನೆ. ಗಣತಿಯಲ್ಲಿ ಕುಟುಂಬ ಎಂದರೆ ಒಂದೇ ಅಡುಗೆಯಲ್ಲಿ ಉಣ್ಣುವವರು. ಸೂರು ಒಂದಾಗಿದ್ದು ಒಲೆ ಎರಡಿದ್ದರೆ ಕುಟುಂಬ ಎರಡು. ಮದುವೆಯಾದ ಮಗ ಅಪ್ಪನ ಗುಡಿಸಲಿಗೆ ಒತ್ತಾಗಿ ತಡಿಕೆ ಕಟ್ಟಿ ಬೇರೆ ಒಲೆ ಹೂಡಿರುತ್ತಾನೆ. ಹೊರಗಿನಿಂದ ನೋಡಿದರೆ ಒಂದೇ ಬಾಗಿಲು. ಸುತ್ತು ಬರುವಾಗ ಬಾಗಿಲು ಎಣಿಸಬಾರದು, ಹೊಗೆ ಎಣಿಸಬೇಕು.

ಆಮೇಲೆ ಹೆಸರು. ಒಂದೇ ಹಾಡಿಯಲ್ಲಿ ಐದು ಬೊಮ್ಮ, ನಾಲ್ಕು ಮಾರ, ಆರು ಕೆಂಚಿ. ‘ಬೊಮ್ಮ ಆಗಲೇ ಆಯಿತಲ್ಲ’ ಎಂದು ದಾಟಿಹೋಗುವುದು ನಡೆಯುತ್ತದೆ. ಕರೆಯುವ ಅಡ್ಡಹೆಸರು, ಅಪ್ಪನ ಹೆಸರು ಸೇರಿಸಿ ಹೇಳುವುದನ್ನು ಮೊದಲೇ ರೂಢಿ ಮಾಡಿಸಬೇಕು. ಇನ್ನು, ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರು ಇದ್ದಾರೆ. ಗಣತಿದಾರರು ಒತ್ತಾಯಿಸಿದರೆ ಎದ್ದು ಒಳಗೆ ಹೋಗುತ್ತಾರೆ, ಮಿಕ್ಕ ಪ್ರಶ್ನೆಗಳೂ ಅಲ್ಲಿಗೆ ಮುಗಿದವು. ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು. ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಹೇಳಬಾರದ ಹೆಸರನ್ನಾಗಲಿ ಹೇಳುವಂತೆ ಹೆಂಗಸನ್ನು ಕಟ್ಟುಪಾಡಿಗೆ ಒಳಪಡಿಸುವಂತಿಲ್ಲ ಎಂದು 8ನೆಯ ಸೆಕ್ಷನ್ನಿನಲ್ಲೇ ಇದೆ. ಪಕ್ಕದಲ್ಲಿ ನಿಂತ ಹುಡುಗನನ್ನು “ನಿಮ್ಮಪ್ಪನ ಹೆಸರೇನಪ್ಪಾ?” ಎಂದರೆ ಮುಗಿಯಿತು.

ವಯಸ್ಸು ಇನ್ನೊಂದು ಗೋಜಲು. ಆಧಾರ್ ಕಾರ್ಡು ನೋಡಿದರೆ ಅರ್ಧ ಹಾಡಿ ಹುಟ್ಟಿದ್ದು ಜನವರಿ 1ಕ್ಕೆ. ಬಾಯಲ್ಲಿ ಕೇಳಿದರೆ ಎಲ್ಲರಿಗೂ ಐವತ್ತು, ಐವತ್ತೈದು, ಅರವತ್ತು. ಸೊನ್ನೆಗೆ, ಐದಕ್ಕೆ ವಯಸ್ಸುಗಳು ಹೀಗೆ ಗುಂಪುಗೂಡುವುದು ದೇಶದ ಎಲ್ಲ ಕಡೆಯ ಕಾಯಿಲೆ. ಇದಕ್ಕೆ ಮದ್ದು ಸ್ಥಳೀಯ ಘಟನೆಗಳ ಪಟ್ಟಿ, ಈ ಭಾಗಕ್ಕೆ ಅದು ಬಲು ಚೆನ್ನಾಗಿ ಒದಗುತ್ತದೆ. ಕಾಡಾನೆ ಹಿಡಿಯುವ ಕಾಕನಕೋಟೆಯ ಕೊನೆಯ ಖೆಡ್ಡಾ 1971. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1. ಕಬಿನಿ ಅಣೆಕಟ್ಟು ಮುಗಿದದ್ದು 1974. ಇಂದಿರಾ ಗಾಂಧಿ ಹತ್ಯೆ 1984. ರಾಜ್‌ಕುಮಾರ್ ತೀರಿಕೊಂಡದ್ದು 2006ರ ಏಪ್ರಿಲ್. ‘ಖೆಡ್ಡಾದಲ್ಲಿ ಅಪ್ಪನಿಗೆ ಬುತ್ತಿ ಕೊಂಡೊಯ್ಯುತ್ತಿದ್ದೆ’ ಎಂದವರು ಆಗ ಎಂಟು–ಹತ್ತು ವರ್ಷದವರು, ಈಗ ಅರವತ್ತೈದರ ಆಸುಪಾಸು. ‘ಕಟ್ಟೆ ನೀರು ನಿಂತಾಗ ನಾನು ಅಂಬೆಗಾಲು’ ಎಂದವರಿಗೆ ಐವತ್ತಮೂರು. ಕೇಳುವುದು ತುಂಬಿದ ವರ್ಷ ಎಂಬುದನ್ನು ಮರೆಯಬಾರದು. 2020ರ ಕೊರೊನಾ ಲಾಕ್‌ಡೌನಿನ ಏಪ್ರಿಲ್‌ನಲ್ಲಿ ಹುಟ್ಟಿದ ಮಗುವಿಗೆ ಎಲ್ಲರೂ ಏಳು ಅನ್ನುತ್ತಾರೆ. ಬರೆಯಬೇಕಾದ್ದು ಆರು.

ಸಮುದಾಯದ ಹೆಸರು. ಈ ಗಣತಿಯಲ್ಲಿ ಎಲ್ಲರ ಜಾತಿಯನ್ನೂ ಕೇಳಲಾಗುತ್ತದೆ, ಆ ನಿರ್ಧಾರ 2025ರ ಏಪ್ರಿಲ್ 30ರದು. ಪರಿಶಿಷ್ಟ ಪಂಗಡದ ಹೆಸರು ಪಟ್ಟಿಯಲ್ಲಿ ಇರುವಂತೆಯೇ ಬರಬೇಕು. ‘ಗಿರಿಜನ’, ‘ಆದಿವಾಸಿ’, ‘ಕಾಡಿನವರು’ ಎಂದರೆ ಆ ಉತ್ತರ ಎಲ್ಲಿಗೂ ಸೇರದು. ಇದಕ್ಕಿಂತ ಅಪಾಯ ‘ಕುರುಬ’ ಎಂದಷ್ಟೇ ಹೇಳುವುದು. ಜೇನು ಕುರುಬ, ಕಾಡು ಕುರುಬ ಎಂಬ ಪೂರ್ತಿ ಹೆಸರು ರಾಜ್ಯದಾದ್ಯಂತ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಬರಿಯ ‘ಕುರುಬ’ ಆ ಪಟ್ಟಿಯಲ್ಲಿರುವುದು ಕೊಡಗು ಜಿಲ್ಲೆಗೆ ಮಾತ್ರ. ಒಂದೇ ಮನುಷ್ಯ ಒಂದೇ ಪದ ಹೇಳಿದರೂ ಕುಟ್ಟದಲ್ಲಿ ಒಂದು ಲೆಕ್ಕ, ಕೋಟೆಯಲ್ಲಿ ಇನ್ನೊಂದು. ಬೆಟ್ಟ ಕುರುಬ ಎಂಬ ಹೆಸರನ್ನು ಕಾಡು ಕುರುಬದ ಪರ್ಯಾಯವಾಗಿ ಸೇರಿಸುವ ತಿದ್ದುಪಡಿಗೆ ಸಂಸತ್ತು 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2011ರಲ್ಲಿ ಆ ಹೆಸರು ಹೇಳಿದವರಿಗೆ ಈ ಅನುಕೂಲ ಇರಲಿಲ್ಲ. ಇನ್ನೊಂದು ಪಂಗಡವಾದ ಯರವರಲ್ಲಿ ಪಣಿ ಯರವ, ಪಂಜಿರಿ ಯರವ ಎಂಬ ಒಳಭೇದಗಳಿವೆ. ‘ಪಣಿ’ ಎಂದು ನಿಲ್ಲಿಸಿದರೆ ಪಟ್ಟಿಯಲ್ಲೇ ಬೇರೆಯಾಗಿರುವ ಪಣಿಯನ್ ಜೊತೆ ಕಲಸಿಹೋಗುತ್ತದೆ.

ಕೊನೆಗೆ ತಾಯ್ನುಡಿ, ಎಲ್ಲಕ್ಕಿಂತ ಹೆಚ್ಚು ಕಳೆದುಹೋಗುವುದು. ಗಣತಿದಾರರು ಕೇಳುವುದು ಹೀಗೆ: “ಮಾತೃಭಾಷೆ ಕನ್ನಡ ತಾನೆ?” ಉತ್ತರ: “ಹೂಂ ಸ್ವಾಮಿ.” ಎರಡು ಸೆಕೆಂಡಿನ ಕೆಲಸ. ಗಣತಿಯ ಪ್ರಕಾರ ತಾಯ್ನುಡಿ ಎಂದರೆ ಬಾಲ್ಯದಲ್ಲಿ ತಾಯಿ ಆಡಿದ ಮಾತು. ಅದನ್ನು ಕುಟುಂಬಕ್ಕೆ ಒಂದು ಎಂದಲ್ಲ, ಒಬ್ಬೊಬ್ಬರಿಗೂ ಬೇರೆಯಾಗಿ ಬರೆಯಬೇಕು. ಹೇಳಿದ್ದು ಭಾಷೆಯೋ ಉಪಭಾಷೆಯೋ ಎಂದು ತೀರ್ಪು ಕೊಡುವ ಅಧಿಕಾರ ಗಣತಿದಾರರಿಗಿಲ್ಲ. ಜೇನು ಕುರುಬರು ತಮ್ಮ ಮಾತು ಜೇನು ನುಡಿ ಎಂದರೆ ಜೇನು ನುಡಿ. 2011ರಲ್ಲಿ ಜನ ಹೇಳಿದ ತಾಯ್ನುಡಿಗಳ ಹೆಸರು 19,569. ಅವನ್ನು ಜರಡಿ ಹಿಡಿದು, 10,000ಕ್ಕೂ ಹೆಚ್ಚು ಮಂದಿ ಇರುವ 270 ತಾಯ್ನುಡಿಗಳನ್ನು ಮಾತ್ರ ಪ್ರತ್ಯೇಕ ತೋರಿಸಿ, 121 ಭಾಷೆಗಳ ಕೆಳಗೆ ಗುಂಪು ಮಾಡಿದರು. ಕನ್ನಡದ ಗುಂಪಿನೊಳಗೆ ಬಡಗ ಇದೆ, ‘ಕುರುಬ/ಕುರುಂಬ’ ಇದೆ. ಹತ್ತು ಸಾವಿರದ ಗೆರೆ ದಾಟದ ನುಡಿ ‘ಇತರೆ’ ಎಂಬ ಒಂದೇ ಪದದಲ್ಲಿ ಮುಳುಗುತ್ತದೆ. ಒಂದು ಹಾಡಿಯ ಎಲ್ಲರೂ ಒಂದೇ ಹೆಸರು ಹೇಳುವುದು ಮುಖ್ಯ. ಅರ್ಧ ಜನ ‘ಜೇನು ನುಡಿ’, ಉಳಿದವರು ‘ಕಾಡು ಭಾಷೆ’, ‘ನಮ್ಮ ಮಾತು’ ಎಂದರೆ ಒಟ್ಟು ಸೇರುವುದೇ ಇಲ್ಲ. ಯಾವ ಹೆಸರು ಎಂಬುದನ್ನು ಹಾಡಿಯವರೇ ಕೂತು ಗೊತ್ತುಮಾಡಬೇಕು, ಹೊರಗಿನವರು ಬಾಯಿ ಹಾಕುವ ಜಾಗ ಅಲ್ಲ.

ನಾಲ್ಕನೆಯ ದಿನ: ಬಾವಲಿಯಿಂದ ಕುಟ್ಟ, ಲೈನ್ ಮನೆಗಳು

ಬಾವಲಿ ಹೊಳೆ ದಾಟಿದರೆ ವಯನಾಡು. ಕಾಟಿಕುಳಂ, ತೋಲ್ಪೆಟ್ಟಿ, ಮತ್ತೆ ಗಡಿ ದಾಟಿ ಕುಟ್ಟ. ಹಾಡಿಯ ಕೆಲವರು ವಯನಾಡಿನ ತೋಟಗಳಲ್ಲೇ ಉಳಿದಿರುತ್ತಾರೆ. ಫೆಬ್ರವರಿಯುದ್ದಕ್ಕೂ ಅಲ್ಲೇ ಇದ್ದರೆ ಅವರು ಕೇರಳದ ಲೆಕ್ಕಕ್ಕೆ ಸೇರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಎರಡೂ ಕಡೆ ಬಿಟ್ಟುಹೋಗುವುದು ತಪ್ಪು.

ಕೊಡಗಿನ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಮನೆಗಳಲ್ಲಿ, ಮೊದಲು ಕಾಣಬೇಕಾದವರು ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿ. ಮಾಲೀಕರ ಒಪ್ಪಿಗೆ ಇಲ್ಲದೆ ಗೇಟಿನೊಳಗೆ ಗಣತಿದಾರರಿಗೂ ಕಷ್ಟ. ಚೆಕ್‌ರೋಲ್ ನೋಡಿ ಬರೆದುಕೊಂಡು ಹೋಗಿ ಎಂದು ರೈಟರ್ ಹೇಳಿದರೆ ಒಪ್ಪಬಾರದು. ಚೆಕ್‌ರೋಲಿನಲ್ಲಿ ಕೂಲಿ ಪಡೆಯುವವರಷ್ಟೇ ಇರುತ್ತಾರೆ, ಕೂಸು, ಅಜ್ಜಿ, ಬಾಣಂತಿ ಇರುವುದಿಲ್ಲ. ದಿನವಿಡೀ ಲೈನಿಗೆ ಬೀಗ, ಜನ ಗಿಡದ ಬುಡದಲ್ಲಿ. ಸಿಗುವ ಹೊತ್ತು ಕಾಫಿ ತೂಕ ಮುಗಿದ ಸಂಜೆ, ಇಲ್ಲವೇ ರಜೆಯ ಬೆಳಗು. ಅಸ್ಸಾಂ ಕಡೆಯಿಂದ ಬಂದ ಕಾರ್ಮಿಕರೂ ಅದೇ ಸಾಲಿನಲ್ಲಿರುತ್ತಾರೆ. ಕಾಗದ ಕೇಳುತ್ತಾರೆಂಬ ಭಯದಲ್ಲಿ ತೋಟದ ಹಿಂಬದಿಗೆ ಸರಿದುಬಿಡುತ್ತಾರೆ. ಅವರಿಗೂ ಹೇಳಬೇಕಾದ ಮಾತು ಒಂದೇ: ಕಾಗದ ಕೇಳುವಂತಿಲ್ಲ.

ಯಾರು ಎಲ್ಲಿ ಲೆಕ್ಕ? 2011ರಲ್ಲಿ ಅನುಸರಿಸಿದ ಕ್ರಮವನ್ನು ಒಂದು ಕುಟುಂಬದ ಮೇಲಿಟ್ಟು ನೋಡಿದರೆ ತಿಳಿಯಾಗುತ್ತದೆ. ಹಾಡಿಯಲ್ಲಿ ಅಜ್ಜಿ, ಜೊತೆಗೆ ಐದು ವರ್ಷದ ಮೊಮ್ಮಗ. ಮಗ, ಸೊಸೆ ಡಿಸೆಂಬರ್‌ನಿಂದ ಲೈನ್ ಮನೆಯಲ್ಲಿ, ಜೊತೆಗೆ ಇಪ್ಪತ್ತು ದಿನದ ಕೂಸು. ದೊಡ್ಡ ಮೊಮ್ಮಗಳು ಆಶ್ರಮ ಶಾಲೆಯಲ್ಲಿ. ಕಿರಿಯ ಮಗ ಬೆಳಿಗ್ಗೆ ಜೀಪಿನಲ್ಲಿ ಹೋಗಿ ರಾತ್ರಿ ಬರುವವನು. ಅಜ್ಜಿ, ಚಿಕ್ಕ ಮೊಮ್ಮಗ, ಕಿರಿಯ ಮಗ ಹಾಡಿಯಲ್ಲಿ. ಎಣಿಕೆಯ ಅವಧಿ ಪೂರ್ತಿ ಹೊರಗೇ ಇರುವ ಮಗ, ಸೊಸೆ ಲೈನ್ ಮನೆಯಲ್ಲಿ. ಅವರು ಅವಧಿಯ ನಡುವೆ ಬಂದು ಕೆಲವು ದಿನ ಹಾಡಿಯಲ್ಲಿದ್ದರೆ, ಅಥವಾ ಅವಧಿ ಮುಗಿಯುವುದರೊಳಗೆ ಮರಳುವುದು ಖಚಿತವಾಗಿದ್ದರೆ, ಹಾಡಿಯಲ್ಲೇ ಬರೆಸಬಹುದು. ಆಗ ಲೈನಿನಲ್ಲಿ ‘ಊರಲ್ಲಿ ಬರೆಸಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಬೇಕು. ಕೂಸು ತಾಯಿಯ ಜೊತೆ. ಹೆಸರಿಟ್ಟಿಲ್ಲ ಎಂಬುದು ಕಾರಣವಾಗದು, ಹೆಸರಿಡದ ಕೂಸೂ ಒಂದು ಜೀವ. ಮೊಮ್ಮಗಳನ್ನು ಹಾಸ್ಟೆಲಿನವರೇ ಬರೆಸುತ್ತಾರೆ, ಅಜ್ಜಿ ಬರೆಸಬಾರದು.

ನಿಜವಾಗಿ ಆಗುವುದು ಬೇರೆ. ‘ಮಗ ಕೊಡಗಿನಲ್ಲಿದ್ದಾನೆ, ಅಲ್ಲೇ ಬರ್ಕೊಂಡಿರ್ತಾರೆ’ ಅನ್ನುತ್ತಾಳೆ ಅಜ್ಜಿ. ‘ನಮ್ಮದು ಕೋಟೆ, ಊರಲ್ಲಿ ಬರೆಸ್ತಾರೆ’ ಅನ್ನುತ್ತಾನೆ ಲೈನಿನಲ್ಲಿ ಮಗ. ಇಬ್ಬರೂ ಸುಳ್ಳು ಹೇಳಿಲ್ಲ, ಮೂರು ಜನ ಲೆಕ್ಕದಿಂದ ಹೊರಗೆ.

ಐದನೆಯ ದಿನ: ಪೊನ್ನಂಪೇಟೆ, ತಿತಿಮತಿ

ಹಾಸ್ಟೆಲು, ಆಶ್ರಮ ಶಾಲೆ ಗಣತಿಯಲ್ಲಿ ‘ಸಾಂಸ್ಥಿಕ ಕುಟುಂಬ’. ವಾರ್ಡನ್ ಹಾಜರಿ ಪುಸ್ತಕ ನೋಡಿ ಹೆಸರು, ವಯಸ್ಸು ಕೊಟ್ಟುಬಿಡುತ್ತಾರೆ. ತಾಯ್ನುಡಿಯ ಕಾಲಂನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಕನ್ನಡ’ ಬರುವುದು ಇಲ್ಲೇ. ಮಕ್ಕಳನ್ನು ಕೂರಿಸಿ ಒಬ್ಬೊಬ್ಬರನ್ನೇ ಕೇಳುವಂತೆ ವಾರ್ಡನ್ ಬಳಿ ಮೊದಲೇ ಒಂದು ಮಾತು ಆಡಿಟ್ಟರೆ ಒಳ್ಳೆಯದು. ಜನವರಿಯಲ್ಲಿ ಊರಿಗೆ ಹೋಗಿ ವಾಪಸ್ಸು ಬಾರದ ಮಕ್ಕಳ ಹೆಸರು ಹಾಜರಿಯಲ್ಲಿ ಉಳಿದೇ ಇರುತ್ತದೆ, ಅದನ್ನೂ ತಾಳೆ ನೋಡಬೇಕು.

ಸೂರಿಲ್ಲದವರನ್ನು 2011ರಲ್ಲಿ ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ಎಣಿಸಲಾಗಿತ್ತು. ಸಂತೆಮಾಳ, ಬಸ್ ನಿಲ್ದಾಣ, ರಸ್ತೆ ಬದಿಯ ಪ್ಲಾಸ್ಟಿಕ್ ಡೇರೆ. ಆ ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ಬೀದಿ ಬದಿಯ ಚಹಾ ಅಂಗಡಿಯವರಿಗೆ ಪಂಚಾಯಿತಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆರನೆಯ ದಿನ: ಆನೆಚೌಕೂರು ದಾಟಿ ವಾಪಸ್ಸು

ವಾಪಸ್ಸು ಬಂದು ಮಾಡುವುದು ಒಂದು ನೋಟ್‌ಬುಕ್ಕಿನ ಕೆಲಸ. ಎಡಕ್ಕೆ ಹಾಡಿಯಲ್ಲಿ ಸಿಕ್ಕ ಹೆಸರು, ಬಲಕ್ಕೆ ಲೈನಿನಲ್ಲಿ, ಹಾಸ್ಟೆಲಿನಲ್ಲಿ ಸಿಕ್ಕ ಹೆಸರು. ಎರಡೂ ಕಡೆ ಇದ್ದರೆ ಒಂದನ್ನು ಹೊಡೆಯುವುದು, ಯಾವ ಕಡೆಯೂ ಇಲ್ಲದಿದ್ದರೆ ಸುತ್ತು ಹಾಕುವುದು. ಜಾತಿ, ವಯಸ್ಸು, ಫೋನ್ ಸಂಖ್ಯೆ ಅದರಲ್ಲಿ ಬರೆಯಬಾರದು. ಅದು ಗಣತಿದಾರರ ಕೆಲಸ, ಗೌಪ್ಯತೆಯ ಹೊಣೆಯೂ ಅವರದು. ಹಾಳೆಗಳನ್ನು ಯಜಮಾನರ ಕೈಗೆ ಕೊಟ್ಟುಬಿಡಬೇಕು, ಸಂಘದ ಕಚೇರಿಯ ಕಪಾಟಿಗಲ್ಲ.

ಗಣತಿದಾರರು ಬಂದ ದಿನ ಜೊತೆಗೆ ನಡೆಯಲು ಹಾಡಿಯ ಒಬ್ಬ ಓದಿದ ಹುಡುಗಿ ಸಾಕು. ಒಲೆ ತೋರಿಸಲು, ಮಾತು ತಿಳಿಯದಾಗ ಹೇಳಲು. ಉತ್ತರ ಮನೆಯವರ ಬಾಯಿಂದಲೇ ಬರಲಿ. ಅವರು ಹೋದ ಮೇಲೆ ಮಾರ್ಚ್ ಬರುವವರೆಗೆ ಹಾಡಿಯಲ್ಲಿ ಆಗುವ ಹುಟ್ಟು, ಸಾವನ್ನು ಆ ಹುಡುಗಿಯೇ ಗುರುತಿಟ್ಟುಕೊಳ್ಳಬೇಕು. 2011ರಲ್ಲಿ ಮಾರ್ಚ್ 1ರಿಂದ 5ರವರೆಗೆ ಗಣತಿದಾರರು ಮತ್ತೊಂದು ಸುತ್ತು ಬಂದು ಅದನ್ನು ತಿದ್ದಿದ್ದರು. ಫೆಬ್ರವರಿ 28ರ ರಾತ್ರಿ ಹನ್ನೊಂದಕ್ಕೆ ಹುಟ್ಟಿದ ಕೂಸು ಲೆಕ್ಕದಲ್ಲಿದೆ, ಒಂದಕ್ಕೆ ಹುಟ್ಟಿದ್ದು ಇಲ್ಲ. ಸೂಲಗಿತ್ತಿಗೆ ಗಡಿಯಾರ ನೋಡಲು ಹೇಳಿಡಬೇಕು.